ಎಲ್ಲಾ ಬಟನ್ನಿಗೂ ಮಜ್ಜಿಗಿ

ನನಗೊಂದು ಚಟ ಅಂಟಿಕೊಂಡಿದೆ. ಯಾವ ಅಂಗಡಿಗೆ ಹೋದರೂ ಕಣ್ಣು ಮೊದಲು ಗಲ್ಲಾದ ಮೇಲಿನ ಕಂಪ್ಯೂಟರಿಗೆ ಹೋಗುತ್ತದೆ. ಪರದೆಯ ಮೇಲೆ ಬಟನ್ನುಗಳು ಹೇಗೆ ಕೂತಿವೆ, ಒತ್ತಿದರೆ ಎಷ್ಟು ಲಗೂ ಚೀಟಿ ಬರುತ್ತದೆ ಎಂದು ನೋಡುತ್ತ ನಿಂತು, ತರಲು ಹೇಳಿದ ಸಕ್ಕರೆ ಮರೆತು ಮನೆಗೆ ಬರುತ್ತೇನೆ. ಏಳನೇ ಇಯತ್ತೆಗೇ ಸಾಲಿ ಬಿಟ್ಟವನಿಗೆ ಇದೆಲ್ಲಿಯ ಚಟ ಅನ್ನಬಹುದು. ಹಟದಿಂದ ಹತ್ತಿದ್ದು.

ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನಂದೊಂದು ಖಾನಾವಳಿ. ಮಧ್ಯಾಹ್ನ ಊಟದ ಗಂಟೆ ಹೊಡೆದರೆ ಕಾರ್ಖಾನೆಗಳ ಮಂದಿ ಒಮ್ಮೆಗೇ ನುಗ್ಗುತ್ತಾರೆ. ಚೀಟಿ ಕೊಡಲೆಂದು ಒಂದು ರೆಡಿಮೇಡ್ ಪ್ರೋಗ್ರಾಮ್ ತರಿಸಿದೆ. ಅದರಲ್ಲಿ ಇಡ್ಲಿ, ದೋಸೆ, ಪೂರಿ ಎಂದು ಬಟನ್ನುಗಳು ಮೊದಲೇ ಠಿಕಾಣಿ ಹೂಡಿದ್ದವು. ನಮ್ಮಲ್ಲಿ ಇವತ್ತು ಎಣಗಾಯಿ, ನಾಳೆ ಝುಣಕ. ಬದಲಿಸಬೇಕಾದರೆ ಮಾರಿದವರಿಗೆ ಫೋನ್ ಮಾಡಬೇಕಂತೆ. ನನ್ನ ಒಲೆಯ ಮೇಲೆ ಏನು ಬೇಯಬೇಕು ಎಂಬುದಕ್ಕೆ ಪರವೂರಿನವರ ಅಪ್ಪಣೆ ಕೇಳಲೇ? ವಾಪಸ್ ಕೊಟ್ಟೆ. "ನಾನ ಮಾಡ್ತೇನಿ" ಅಂದುಬಿಟ್ಟೆ. ಅಂದದ್ದು ಗಿರಾಕಿಗಳ ಎದುರಿಗೆ. ಹಿಂದೆ ಸರಿಯುವ ಹಾಗಿರಲಿಲ್ಲ.

ಮೊಬೈಲಿನಲ್ಲಿ ಪಾಠ ನೋಡಿ, ಹಳೆಯ ಕಂಪ್ಯೂಟರಿನ ಮುಂದೆ ಕೂತು ಕಲಿತೆ. ನನ್ನ ಪ್ರೋಗ್ರಾಮಿನಲ್ಲಿ ಬರೆಯಲು ಒಂದು ಖಾಲಿ ಜಾಗ, ಪಕ್ಕದಲ್ಲಿ 'ಸೇರಿಸು' ಎಂಬ ಒಂದೇ ಬಟನ್. 'ಝುಣಕ' ಎಂದು ಬರೆದು ಒತ್ತಿದರೆ ಕೆಳಗೆ ಝುಣಕದ ಬಟನ್ ಹುಟ್ಟುತ್ತದೆ. ಅದನ್ನು ಒತ್ತಿದರೆ ಝುಣಕದ ಚೀಟಿ. ಮೊದಲ ಬಟನ್ ಹುಟ್ಟಿದಾಗ, ಹಂಚಿನ ಮೇಲೆ ರೊಟ್ಟಿ ಉಬ್ಬಿದ್ದನ್ನು ಕಂಡಷ್ಟು ಖುಷಿಯಾಯಿತು.

ಇಷ್ಟು ಹಟಕ್ಕೆ ಒಳಗಿನ ಕಾರಣ ನನ್ನ ಹೆಂಡತಿ ಗಂಗಾ. ಒಲೆಯ ಹೊಗೆಗೆ ಅವಳ ಕೆಮ್ಮು ಏರುತ್ತಿತ್ತು. ಒಲೆ ಬಿಡಿ ಎಂದಿದ್ದರು ಡಾಕ್ಟರ್. ಅವಳು ಗಲ್ಲಾಕ್ಕೆ ಬಂದರೆ ನಾನು ಒಳಗೆ ಹೋಗಬಹುದು. ಅವಳೋ ಒಪ್ಪಲೊಲ್ಲಳು. ಕಡೆಗೊಮ್ಮೆ, "ಒಂದ ದಿನ ಕುಂದರತೇನ್ರಿ. ಮಂದಿ ಮುಂದ ನಗಿಗೇಡಾತಂದ್ರ, ನಾ ಮತ್ತ ಒಲಿ ಮುಂದನ" ಎಂದಳು.

ಆ ದಿನ ಬೆಳಿಗ್ಗೆ, ಅವಳಿಗೆ ತ್ರಾಸು ಬೇಡವೆಂದು ಒಂದು ಜಾಣತನ ಮಾಡಿದೆ. ಪದಾರ್ಥಗಳನ್ನೆಲ್ಲ ಒಂದೇ ಸಾಲಿನಲ್ಲಿ ಬರೆದರೆ ಬಟನ್ನುಗಳೆಲ್ಲ ಒಮ್ಮೆಗೇ ಹುಟ್ಟುವ ಹಾಗೆ ತಿದ್ದಿದೆ. ರೊಟ್ಟಿ ಊಟ, ಅನ್ನ ಸಾರು, ಗಿರಮಿಟ್ಟು, ಮಿರ್ಚಿ, ಮಜ್ಜಿಗಿ: ಮದುವೆ ಪಂಕ್ತಿಯಂತೆ ಸಾಲಾಗಿ ಕೂತವು. ಅದನ್ನು ನೋಡಿಯೇ ನನ್ನ ಹೊಟ್ಟೆ ತುಂಬಿತು. ಒಂದನ್ನಾದರೂ ಒತ್ತಿ ನೋಡಲಿಲ್ಲ.

ಗಂಟೆ ಹೊಡೆಯಿತು. ಮೊದಲು ಬಂದವನು ಲೇಥ್ ಓಡಿಸುವ ಬಸವರಾಜ. "ಕಾಕೂ, ರೊಟ್ಟಿ ಊಟ" ಅಂದ. ಗಂಗಾ ರೊಟ್ಟಿ ಊಟ ಒತ್ತಿದಳು. ಮಜ್ಜಿಗಿ ಚೀಟಿ ಬಂತು. ಮತ್ತೆ ಒತ್ತಿದಳು. ಮತ್ತೆ ಮಜ್ಜಿಗಿ. ಮಿರ್ಚಿ ಒತ್ತಿದರೂ ಮಜ್ಜಿಗಿ.

"ಯಾಕ್ರಿ ಕಾಕೂ, ನನ್ನ ಹೊಟ್ಟಿ ಕೆಟ್ಟೇತಿ ಅಂತ ಯಾರ ಹೇಳಿದ್ರು ನಿಮಗ?"

"ಕೊಟ್ಟದ್ದ ಕುಡದ ಸರೀಲೇ, ನಮಗೂ ಹಸಿವಾಗೇತಿ!" ಹಿಂದಿನಿಂದ ಯಾರೋ ಕೂಗಿದರು. ಸಾಲಿಗೆ ಸಾಲೇ ನಕ್ಕಿತು.

ಗಂಗಾ ಮಜ್ಜಿಗಿ ಚೀಟಿಗಳನ್ನು ಗಲ್ಲಾದ ಮೇಲಿಟ್ಟಳು. ಎದ್ದು ಒಳಗೆ ಹೋದಳು. ನಾನು ಕೈಯಿಂದಲೇ ಚೀಟಿ ಬರೆಯತೊಡಗಿದೆ. ಒಳಗಿಂದ ಕೆಮ್ಮು ಕೇಳುತ್ತಿತ್ತು.

ಗಿರಾಕಿಗಳು ಹೋದ ಮೇಲೆ ಕೂತು ಹುಡುಕಿದೆ. ತಪ್ಪು ಕಂಪ್ಯೂಟರಿನದಲ್ಲ, ನಂದೇ. ಬಟನ್ ಮಾಡುವಾಗ ಅದರ ಹೆಸರು ಅದಕ್ಕೆ ಹೇಳಿರಲಿಲ್ಲ. "ಯಾರಾದರೂ ಒತ್ತಿದರೆ ಈ ಬುಟ್ಟಿಯಲ್ಲಿ ಏನಿದೆಯೋ ನೋಡಿ ಅದನ್ನೇ ಹೇಳು" ಎಂದು ಎಲ್ಲಕ್ಕೂ ಒಂದೇ ಬುಟ್ಟಿ ತೋರಿಸಿದ್ದೆ. ಹೆಸರುಗಳು ಒಂದೊಂದಾಗಿ ಬುಟ್ಟಿಗೆ ಬಂದು ಹೋಗಿ, ಕಡೆಗೆ ಉಳಿದದ್ದು ಮಜ್ಜಿಗಿ. ಬಟನ್ನುಗಳು ಸುಳ್ಳು ಹೇಳಿರಲಿಲ್ಲ ಪಾಪ, ಕಂಡದ್ದನ್ನೇ ಹೇಳಿದ್ದವು.

ಒಂದೊಂದು ಬಟನ್ನಿಗೂ ಅದರ ಹೆಸರನ್ನು ಹುಟ್ಟುವಾಗಲೇ ಗಂಟು ಹಾಕಿ ಕೊಟ್ಟೆ. ಈ ಸಲ ಎಲ್ಲವನ್ನೂ ಒತ್ತಿ ನೋಡಿದೆ. ಚೀಟಿಗಳನ್ನು ಹಿಡಿದು ಗಂಗಾಳ ಮುಂದೆ ಹೋಗಿ ನಡೆದದ್ದನ್ನು ವಿವರಿಸಿದೆ. ಕೇಳುತ್ತ ಕೇಳುತ್ತ ಅವಳಿಗೆ ನಗು ಬಂತು.

"ಅಂದ್ರ, ಐದ ತೊಟ್ಟಲಾ ಕಟ್ಟಿ, ಓಣ್ಯಾಗ ನಿಂತು ಹೆಸರ ಒದರೀರಿ. ಕಡೀಕೆ ಒದರಿದ್ದೊಂದ ಎಲ್ಲಾ ಕೂಸಿಗೂ ಕೇಳೇತಿ. ಒಂದೊಂದ ಕಿವ್ಯಾಗ ಹೇಳಬೇಕ್ರಿ!"

ಗಂಗಾಳ ತವರು ಧಾರವಾಡದ ಮಾಳಮಡ್ಡಿ. ಅಣ್ಣ ತಮ್ಮಂದಿರ ಮಕ್ಕಳ ತೊಟ್ಟಿಲ ಕಾರ್ಯಕ್ಕೆಲ್ಲ ಸೋದರತ್ತೆ ಅವಳೇ. ನಮ್ಮ ಕಡೆ ಸೋದರತ್ತೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳಬೇಕು. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಹೆಸರಿಟ್ಟವರಿಗೆ ಗುದ್ದು ತಪ್ಪಿದ್ದಲ್ಲ. ನನ್ನ ಪಾಲಿನದು ಆ ಮಧ್ಯಾಹ್ನ ಸಿಕ್ಕಿತ್ತು.

"ನಾಳೆ ಹೆಸರ ನಾನ ಇಡತೇನಿ. ಸ್ವಾದರತ್ತಿ ಕೆಲಸ ನಿಮಗೇನ ತಿಳೀತೈತಿ, ಸರೀರಿ" ಅಂದಳು.

ಮರುದಿನ ಅವಳೇ ಬರೆದಳು, ಅವಳೇ ಸೇರಿಸಿದಳು. ಬಸವರಾಜನಿಗೆ ರೊಟ್ಟಿ ಊಟದ ಚೀಟಿಯೇ ಬಂತು. ಅವನು ಅದನ್ನು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿ, "ಇವತ್ತ ಆರಾಮ ಆತ ನೋಡ್ರಿ ಹೊಟ್ಟಿ" ಎಂದು ಒಳಗೆ ಹೋದ. ಅಂದಿನಿಂದ ಗಲ್ಲಾ ಗಂಗಾಳದು, ಒಲೆ ನಂದು. ಕೆಮ್ಮು ಅರ್ಧ ಇಳಿದಿದೆ.

ಬರೆದದ್ದೆಲ್ಲ ಬಟನ್ ಆಗಬೇಕು ಎಂದು ಹಟ ಹಿಡಿದವನು ನಾನೇ. ಬರೆಯುವವರ ಕೈ ಹಿಡಿಯಲು ಬರುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಮೊನ್ನೆ ಒಲೆಯ ಮುಂದಿನಿಂದ ಎದ್ದು ಬಂದು ಪರದೆ ನೋಡಿದರೆ ನನಗೆ ಗೊತ್ತಿಲ್ಲದ ಬಟನ್ನೊಂದು ಕೂತಿತ್ತು: 'ಮಾಲಕರ ಸೊಟ್ಟ ರೊಟ್ಟಿ'. ತೆಗೆಸಬೇಕೆಂದು ಬಾಯಿ ತೆರೆದೆ.

"ಗದ್ಲಾ ಮಾಡಬ್ಯಾಡ್ರಿ. ಮಂದಿ ಮೊದಲ ಅದನ್ನ ಕೇಳಾಕತ್ತಾರ" ಎಂದು ಗಂಗಾ ಆ ಬಟನ್ನನ್ನೇ ಒತ್ತಿದಳು. ಚೀಟಿ ಬಂತು. ಬರೆದದ್ದೇ ಬಂದಿತ್ತು, ಒಂದಕ್ಷರ ತಪ್ಪಿರಲಿಲ್ಲ. ನನ್ನ ಪ್ರೋಗ್ರಾಮ್ ಅಲ್ಲವೇ! ಎದೆಯುಬ್ಬಿಸಿಕೊಂಡು ಒಳಗೆ ಹೋಗಿ ಇನ್ನೊಂದು ಸೊಟ್ಟ ರೊಟ್ಟಿ ಬಡಿದೆ.