ಹತ್ತನೆಯ ವಿದ್ಯಾರ್ಥಿನಿ

ಗುಬ್ಬಿಯ ಬೆಟ್ಟಸ್ವಾಮಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಏಳು ವರ್ಷವಾದರೂ ಓದಿಗೆ ತಂದ ಬ್ಯಾಂಕ್ ಸಾಲ ತೀರಿಲ್ಲ. ತುಮಕೂರಿನ ಕಾಲೇಜೊಂದರಲ್ಲಿ ಅವನು ಅತಿಥಿ ಉಪನ್ಯಾಸಕ. ರಜೆಯಲ್ಲಿ ಅತಿಥಿಗೆ ಸಂಬಳವಿಲ್ಲ. ಕಂತು ಮಾತ್ರ ತಿಥಿ ತಪ್ಪದೆ ಬರುತ್ತದೆ. ಹತ್ತು ಜನ ಸೇರದಿದ್ದರೆ ಅವನ ವಿಷಯವನ್ನೇ ಮುಚ್ಚುತ್ತಾರೆಂದು ಪ್ರತಿ ವರ್ಷ ಮನೆಮನೆ ಅಲೆದು ವಿದ್ಯಾರ್ಥಿಗಳನ್ನು ಹುಡುಕುತ್ತಾನೆ.

ಈ ಸಲ ಲೆಕ್ಕ ಒಂಬತ್ತಕ್ಕೇ ನಿಂತಿತು. ಹತ್ತನೆಯದಕ್ಕೆ ಕುಣಿಗಲ್‌ನ ಗಂಗಾಧರನ ಮನೆಗೆ ಹೋದ. ಎಂ.ಎ. ಮೊದಲ ವರ್ಷವೇ ಫೇಲಾಗಿ, ಓದು ಬಿಟ್ಟು, ಟೈಲ್ಸ್ ಅಂಗಡಿ ಇಟ್ಟ ಸಹಪಾಠಿ. ಅವನ ತಂಗಿ ಇಂಪನಾ ಆಗಷ್ಟೇ ಪಿಯುಸಿ ಮುಗಿಸಿದ್ದಳು. ಬಾಗಿಲಲ್ಲಿ ಹೊಸ ಕಾರು ಕಂಡು ಬೆಟ್ಟಸ್ವಾಮಿಯ ಹೊಟ್ಟೆ ಉರಿಯಿತು. ಇವನ ತಂಗಿಯೂ ನನ್ನ ಹಾಗೆ ಕಂತು ಕಟ್ಟಲಿ ಅನ್ನಿಸಿತು.

“ಲೋ ಗಂಗ, ಇಂಪನಾನ ನಮ್ ಕಾಲೇಜಿಗೆ ಸೇರ್ಸೋ, ಫಿಲಾಸಫಿ ತಗೊಳ್ಲಿ. ಬ್ಯಾಂಕಲ್ಲಿ ಲೋನ್ ಕೊಡ್ತಾರೆ.”

“ಲೋನ್ ಯಾಕ್ಲಾ? ಮೂರು ವರ್ಷದ ಫೀಜು ನಾನೇ ಕಟ್ತೀನಿ. ಓದಿ ಸಂಪಾದಿಸ್ಬೇಕು ಅಂತ ನಮಗೇನೈತೆ? ಇಷ್ಟಪಟ್ಟು ಓದ್ಕೊಳ್ಲಿ ಬುಡು.”

ಅರ್ಜಿಗೆ ಸಹಿ ಬಿತ್ತು, ಕೆಲಸ ಉಳಿಯಿತು. ವಾಪಸು ಬಸ್ಸಿನಲ್ಲಿ ಬೆಟ್ಟಸ್ವಾಮಿ ಕಾರನ್ನು ಮರೆತೇಬಿಟ್ಟಿದ್ದ. ಈಗ ಹೊಟ್ಟೆಕಿಚ್ಚೆಲ್ಲ ಆ ಹದಿನೆಂಟರ ಹುಡುಗಿಯ ಮೇಲೆ. ಸಾಲವಿಲ್ಲದೆ, ಸಂಬಳದ ಚಿಂತೆಯಿಲ್ಲದೆ ತತ್ವಶಾಸ್ತ್ರ ಓದುವ ಅವಳಿಗೆ ಇನ್ನು ಮೂರು ವರ್ಷ ಅವನೇ ಪಾಠ ಹೇಳಬೇಕು.