ಗಾಳಿ ತಿರುಗಿದ ದಿನ

ಆ ಕಾಲದಲ್ಲಿ ನಮ್ಮೂರಿನ ಹೆಂಗಸರು ಹೊರಗೆ ಎಲ್ಲೇ ಬೆಂಕಿ ಹಚ್ಚಬೇಕಾದರೂ ಮೊದಲು ಒಂದು ಹಿಡಿ ರಾಗಿ ಹೊಟ್ಟು ತೂರಿ ನೋಡುತ್ತಿದ್ದರು. ಹೊಟ್ಟು ಹುಳುಮನೆಯ ಕಡೆ ಹಾರಿದರೆ ಆ ದಿನ ಬೆಂಕಿ ಇಲ್ಲ. ಬೈರಕೂರಿನ ಆಚೆಗಿನ ನಮ್ಮ ಬೀದಿಯಲ್ಲಿ ಆಗ ಹೆಚ್ಚುಕಡಿಮೆ ಎಲ್ಲರೂ ರೇಷ್ಮೆ ಹುಳು ಸಾಕುತ್ತಿದ್ದರು. ಹೊಗೆ ಕುಡಿದ ಹುಳು ಸೊಪ್ಪು ತಿನ್ನುವುದಿಲ್ಲ, ಗೂಡು ಕಟ್ಟುವುದಿಲ್ಲ. ಅಕ್ಷರ ಕಲಿಯುವ ಮೊದಲೇ ನನಗೆ ಇದು ಗೊತ್ತಿತ್ತು.

ಮಕ್ಕಳೇ, ನೀವು ಡ್ರಮ್ಮಿನಲ್ಲಿ ಟೊಮೇಟೊ ಕಡ್ಡಿ ಸುಟ್ಟು, ಮಣ್ಣಿಗೆ ಹಾಕುವ ಆ ಇದ್ದಿಲಿಗೆ ಬಯೋಚಾರ್ ಅನ್ನುತ್ತೀರಿ. ನನ್ನ ಅಮ್ಮ ಅದನ್ನೇ ಹಿತ್ತಲಿನ ಗುಂಡಿಯಲ್ಲಿ ಮಾಡುತ್ತಿದ್ದಳು. ಹುಳು ತಿಂದು ಉಳಿದ ಹಿಪ್ಪುನೇರಳೆ ಕಡ್ಡಿ, ಒಣಗಿದ ಅವರೆ ಗಿಡ, ಎಲ್ಲ ತುಂಬಿ ಬೆಂಕಿ ಕೊಟ್ಟು, ಬೂದಿಯಾಗುವ ಮುಂಚೆ ನೀರು ಚಿಮುಕಿಸಿ ಮಣ್ಣು ಮುಚ್ಚುವುದು. ಆರಿದ ಇದ್ದಿಲನ್ನು ಕುಟ್ಟಿ, ಗಂಜಲದಲ್ಲಿ ನೆನೆಹಾಕಿ, ಆಮೇಲೆ ಬದನೆ ಮಡಿಗೆ. "ನೆನೆಸದೆ ಹಾಕಿದ್ರೆ ಗಿಡದ ಊಟ ಎಲ್ಲ ಅದೇ ತಿಂದ್ಬಿಡುತ್ತೆ ಕಣೇ" ಎನ್ನುತ್ತಿದ್ದಳು.

ಗುಂಡಿಯಿಂದ ಪಶ್ಚಿಮಕ್ಕೆ ಇಪ್ಪತ್ತು ಹೆಜ್ಜೆ ನಡೆದರೆ ಚಿಕ್ಕಮ್ಮನ ಹುಳುಮನೆ. ಅಪ್ಪನ ತಮ್ಮನ ಹೆಂಡತಿ ಅವಳು. ಹಿತಕಿದ ಬೇಳೆ ಸಾರು ಮಾಡಿದ ದಿನ ನನ್ನ ಪಾಲು ಮುಚ್ಚಿಟ್ಟು ಕಾಯುತ್ತಿದ್ದಳು. ನಾನು ಹೆಚ್ಚು ಮಾತಾಡುತ್ತಿರಲಿಲ್ಲವಾದ್ದರಿಂದ ಮೂಗಿ ಎಂದು ಕರೆಯುತ್ತಿದ್ದಳು. "ಲೇ ಮೂಗಿ, ಉಪ್ಪು ಸರಿಯಾಗಿದ್ಯಾ ಅಂತಾದ್ರೂ ಹೇಳೇ!"

ಆ ಚಳಿಗಾಲದಲ್ಲಿ ಚಿಕ್ಕಪ್ಪ ಖಡಾಖಂಡಿತವಾಗಿ ಹೇಳಿದ್ದ: "ಈ ಸಲ ಗೂಡಾದ್ರೆ ಇಲ್ಲೇ ಇರೋಣ. ಆಗ್ಲಿಲ್ಲಾಂದ್ರೆ ಇಬ್ರೂ ಮಾಲೂರಿಗೆ, ಹೆಂಚಿನ ಕೆಲಸಕ್ಕೆ." ಚಿಕ್ಕಮ್ಮ ರಾತ್ರಿ ಹಗಲು ಸೊಪ್ಪು ಹಾಕಿದಳು. ಹುಳುಗಳು ಸೊಪ್ಪು ಬಿಟ್ಟು ಮಲಗುವ ನಾಲ್ಕನೇ ಜ್ವರ ದಾಟಿ, ಪೊರೆ ಬಿಟ್ಟು ಎದ್ದವು. ಗೋಡೆಗೆ ಕಿವಿಯಿಟ್ಟರೆ ಅವು ಸೊಪ್ಪು ತಿನ್ನುವ ಸದ್ದು ಒಣಗಿದೆಲೆಯ ಮೇಲೆ ಸಣ್ಣ ಮಳೆ ಬಿದ್ದಂತೆ. ಹಣ್ಣಾಗಿ ಗೂಡು ಕಟ್ಟಲು ಇನ್ನು ಎರಡೇ ದಿನ.

ಅವತ್ತು ಬೆಳಿಗ್ಗೆ ಹೊಟ್ಟು ಪೂರ್ವಕ್ಕೆ ಹಾರಿತ್ತು. ಅಮ್ಮ ಗುಂಡಿಗೆ ಬೆಂಕಿ ಕೊಟ್ಟಳು. ಕೀಟಕ್ಕೆ ಔಷಧಿ ಹೊಡೆದ ಬದನೆ ಗಿಡಗಳನ್ನೂ ಕಿತ್ತು ಅದರಲ್ಲೇ ಹಾಕಿದ್ದಳು. ಉರಿ ಏರುವಷ್ಟರಲ್ಲಿ, ಹೇಳದೆ ಕೇಳದೆ, ಶ್ರೀನಿವಾಸಪುರದ ಕಡೆಯವರು ಅಕ್ಕನನ್ನು ನೋಡಲು ಬಂದುಬಿಟ್ಟರು. ಅಮ್ಮ, ಚಿಕ್ಕಮ್ಮ ಇಬ್ಬರೂ ಅಡುಗೆಮನೆ ಸೇರಿದರು.

"ಇಲ್ಲೇ ಇರು. ಗಾಳಿ ತಿರುಗಿದ್ರೆ ಓಡ್ಬಂದು ಹೇಳು, ಮಣ್ಣು ಮುಚ್ತೀನಿ" ಎಂದಳು ಅಮ್ಮ. ಮಂಕರಿ ತುಂಬ ಮಣ್ಣು ಎತ್ತುವ ಶಕ್ತಿ ನನಗಿರಲಿಲ್ಲ. ಹೇಳುವುದೊಂದೇ ನನ್ನ ಕೆಲಸ.

ಹಳೆಯ ಇದ್ದಿಲು ಚೂರಿನಿಂದ ಗೆರೆ ಎಳೆದುಕೊಂಡು ಒಬ್ಬಳೇ ಕುಂಟಬಿಲ್ಲೆ ಆಡುತ್ತಿದ್ದೆ. ನೆಟ್ಟಗೆ ನಿಂತಿದ್ದ ಹೊಗೆ ಒಂದು ಸಲ ಅಲುಗಿತು. ಮತ್ತೆ ಬಾಗಿತು. ಆಮೇಲೆ ನೆಲಕ್ಕೆ ಇಳಿದು ತೆವಳಿಕೊಂಡು ಹುಳುಮನೆಯ ಕಿಂಡಿಯೊಳಗೆ ಹೋಗತೊಡಗಿತು. ಖಾರದ ವಾಸನೆ ನನ್ನ ಮೂಗಿನೊಳಗೆ ಬಡಿಯಿತು.

ಓಡಿದೆ. ಅಡುಗೆಮನೆಗೆ ಹಿತ್ತಲ ಬಾಗಿಲಿರಲಿಲ್ಲ, ಹೋಗಬೇಕಾದರೆ ನಡುಮನೆ ದಾಟಬೇಕು. ನಡುಮನೆಯ ತುಂಬ ಗಂಡಸರು. ಒಬ್ಬ ದೊಡ್ಡ ಮೀಸೆಯವನು, "ಏನಮ್ಮಾ, ನೀನೇನಾ ಮದುವೆ ಹೆಣ್ಣು?" ಎಂದ. ಎಲ್ಲರೂ ನಕ್ಕರು. ನನ್ನ ಕೈಯೆಲ್ಲ ಇದ್ದಿಲು. ಹೊಸಿಲಿನಿಂದಲೇ ತಿರುಗಿ ಬಂದುಬಿಟ್ಟೆ.

ಅವರು ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಎಲೆ ಅಡಿಕೆ ಹಾಕಿಕೊಂಡರು. ನಾನು ಹುಳುಮನೆಯ ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ಮಳೆ ಸಣ್ಣದಾಗುತ್ತ ಬಂತು. ಆಮೇಲೆ ನಿಂತಿತು.

ಬಂದವರು ಹೋದ ಮೇಲೆ ಅಮ್ಮ ಹಿತ್ತಲಿಗೆ ಬಂದಳು. ಹೊಗೆ ನೋಡಿದಳು, ನನ್ನನ್ನು ನೋಡಿದಳು. ದಡದಡ ಮಣ್ಣು ಸುರಿದು ಗುಂಡಿ ಮುಚ್ಚಿದಳು. ಚಿಕ್ಕಮ್ಮ ಅಡುಗೆಮನೆಯಿಂದ ಬರುವಷ್ಟರಲ್ಲಿ ಹೊಗೆ ಕರಗಿತ್ತು.

ಮಾರನೆಯ ದಿನ ಹುಳುಗಳು ಹಸಿರು ನೀರು ಕಕ್ಕಿದವು. ಮೂರನೆಯ ದಿನ ಚಿಕ್ಕಮ್ಮ ಅವನ್ನು ತಟ್ಟೆ ತಟ್ಟೆಯಾಗಿ ತಂದು ತಿಪ್ಪೆ ಪಕ್ಕದ ಕುಣಿಗೆ ಸುರಿದಳು. "ಅವತ್ತು ಒಗ್ಗರಣೆ ಹಾಕಿದ ಕೈ ತೊಳೀದೇನೆ ಸೊಪ್ಪು ಹಾಕ್ಬಿಟ್ಟೆ ಅಕ್ಕಾ. ನಾನೇ ಕೊಂದ್ಬಿಟ್ಟೆ" ಎಂದು ಅತ್ತಳು. ಅಮ್ಮ ನನ್ನ ಕಡೆ ನೋಡಿದಳು. "ಅಳ್ಬೇಡ ಸುಮ್ನಿರು" ಎಂದಳು, ಅಷ್ಟೇ.

ವಾರದೊಳಗೆ ಅವರು ಟ್ರಂಕು ಹೊತ್ತು ಬಸ್ಸಿಗೆ ಹೊರಟರು. ಚಿಕ್ಕಮ್ಮ ನನ್ನ ಗಲ್ಲ ಹಿಡಿದು, "ಲೇ ಮೂಗಿ, ಇವತ್ತಾದ್ರೂ ಒಂದ್ ಮಾತಾಡೇ" ಎಂದಳು. ನಾನು ಆಡಲಿಲ್ಲ. ಹೆಂಚಿನ ದೂಳಿಗೆ ಅವಳಿಗೆ ಕೆಮ್ಮು ಹತ್ತಿತಂತೆ. ಅಲ್ಲೇ ಮಣ್ಣಾದಳು. ತಾನೇ ಕೊಂದೆ ಎಂದುಕೊಂಡೇ ಹೋದಳು.

ಆ ಗುಂಡಿಯ ಇದ್ದಿಲನ್ನು ಅಮ್ಮ ಎಸೆಯಲಿಲ್ಲ. ನೆನೆಸಿ ಮಡಿಗೆ ಹಾಕಿದಳು. ಆ ವರ್ಷದಂಥ ಬದನೆಯನ್ನು ನಾನು ಮತ್ತೆ ನೋಡಿಲ್ಲ. ಗಿಡ ನೆಲಕ್ಕೆ ಬಾಗುವಷ್ಟು ಕಾಯಿ, ಎಣ್ಣೆ ಸವರಿದಂಥ ಹೊಳಪು. "ಏನ್ ಹಾಕ್ದೆ?" ಎಂದು ಬೀದಿಯವರೆಲ್ಲ ಕೇಳಿದರು. ಅಮ್ಮ ಹೇಳಲಿಲ್ಲ. ಒಂದು ಕಾಯನ್ನೂ ಒಲೆಗೆ ಏರಿಸಲಿಲ್ಲ. ಗುಂಡಿಗೆ ಮತ್ತೆಂದೂ ಬೆಂಕಿ ಕೊಡಲಿಲ್ಲ.

ನನ್ನನ್ನು ಊರಲ್ಲೇ ಕೊಟ್ಟರು. ಆ ಹಿತ್ತಲು ನನಗೇ ಬಂತು. ಇದ್ದಿಲು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಮೊನ್ನೆ ಅಲ್ಲಿ ಅಗೆಯುವಾಗ, "ಅಜ್ಜಿ, ಇಲ್ಲಿ ಯಾರೋ ಮೊದ್ಲೇ ಬಯೋಚಾರ್ ಹಾಕಿದಾರೆ!" ಎಂದು ಕಪ್ಪು ಚೂರು ತಂದು ನನ್ನ ಅಂಗೈಗಿಟ್ಟಿರಿ. ನಾನು ಎದ್ದು ಒಳಗೆ ಹೋದೆ. ನಿಮಗೆ ಬೇಸರವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಬೀದಿಯಲ್ಲಿ ಒಂದೂ ಹುಳುಮನೆಯಿಲ್ಲ. ಆ ಮಳೆಯ ಸದ್ದನ್ನು ಕೇಳಿದವರೂ ಹೆಚ್ಚು ಜನ ಉಳಿದಿಲ್ಲ. ಇವತ್ತು ಬೆಳಿಗ್ಗೆ ಡ್ರಮ್ಮಿಗೆ ಬೆಂಕಿ ಹಾಕುವಾಗ, ಗಾಳಿ ಎತ್ತ ಕಡೆಗಿದೆ ಎಂದು ಮೆಲ್ಲಗೆ ಕೇಳಿದೆ. ನೀವು ನಕ್ಕಿರಿ. "ಎತ್ತ ಬೀಸಿದ್ರೇನಜ್ಜಿ? ಆ ಕಡೆ ಯಾರಿದ್ದಾರೆ?"

ಹೊಗೆ ಪಶ್ಚಿಮಕ್ಕೆ ಬಾಗುತ್ತಿತ್ತು. ನಾನು ಆಗಲೂ ಮಾತಾಡಲಿಲ್ಲ.