ಯಂತ್ರದೊಳಗೆ ಬಡಿದ ರೊಟ್ಟಿ

ನನ್ನ ಕೆಲಸ ಏನೆಂದು ಅಮ್ಮಿನಬಾವಿಯ ದೊಡ್ಡವ್ವ ಕೇಳಿದಾಗಲೆಲ್ಲ, ‘ಅಕ್ಕಿ ಆರಿಸಿದಂಗ ಬೇ’ ಎಂದುಬಿಡುತ್ತೇನೆ. ತಲೆಗೆ ತಂತಿಗಳ ಟೋಪಿ ಹಾಕಿ ರೋಗಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಮಿದುಳಿನ ಚಿತ್ರ ತೆಗೆಯುವಾಗಲೇ ಅದರ ಅಲೆಗಳನ್ನೂ ದಾಖಲಿಸುತ್ತಾರೆ. ಆ ದಾಖಲೆ ನನ್ನ ಕಂಪ್ಯೂಟರಿಗೆ ಬಂದಾಗ ಅದರಲ್ಲಿ ಮಿದುಳು ಕಾಣುವುದೇ ಇಲ್ಲ, ಯಂತ್ರದ ಗದ್ದಲವೇ ತುಂಬಿರುತ್ತದೆ. ಆದರೆ ಆ ಗದ್ದಲಕ್ಕೆ ಒಂದು ಒಳ್ಳೆಯ ಗುಣವುಂಟು, ಹೇಳಿದ್ದನ್ನೇ ಹೇಳುತ್ತದೆ. ನೂರಾರು ಬಡಿತಗಳ ಸರಾಸರಿ ತೆಗೆದು ಪ್ರತಿಯೊಂದರಿಂದಲೂ ಕಳೆದರೆ ಹೋಗುತ್ತದೆ. ಆಮೇಲೆ ನಾಡಿ. ಅದು ಹೊಡೆದಾಗಲೆಲ್ಲ ತಲೆ ಕೂದಲೆಳೆಯಷ್ಟು ಅಲುಗುತ್ತದೆ, ಅದನ್ನೂ ಕಳೆಯಬೇಕು. ಉಳಿದದ್ದು ಮಿದುಳು ಎಂದು ನಂಬಿ ಡಾಕ್ಟರಿಗೆ ಕಳಿಸುತ್ತೇನೆ.

ಹಳೇ ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳ ದಾಖಲೆ ಬಂದಿತ್ತು. ಆಕೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದವಳು. ಮೂರ್ಛೆ ಬಂದು ಒಲೆಯ ಮೇಲೆ ಬಿದ್ದು ಮುಂಗೈ ಸುಟ್ಟುಕೊಂಡ ಮೇಲೆ, ಒಂದು ವರ್ಷದಿಂದ ಆ ಕೆಲಸ ಅತ್ತೆಯ ಪಾಲಿಗೆ ಬಂದಿತ್ತು. ಮಾತ್ರೆಗಳಿಗೆ ಮೂರ್ಛೆ ಬಗ್ಗಿರಲಿಲ್ಲ. ಅದು ಮಿದುಳಿನ ಒಂದೇ ಜಾಗದಿಂದ ಹುಟ್ಟುತ್ತದೆಂದು ಖಾತ್ರಿಯಾದರೆ ಆಪರೇಶನ್ ಮಾಡಬಹುದು, ಮೂರ್ಛೆ ನಿಂತರೆ ಮತ್ತೆ ಒಲೆ ಮುಂದೆ ಕೂರಬಹುದು ಎಂದು ಡಾಕ್ಟರು ಹೇಳಿದ್ದರು.

ಗದ್ದಲ ಕಳೆದೆ. ಮೂರ್ಛೆ ರೋಗದಲ್ಲಿ ಕಾಣುವಂಥ ಚೂಪಾದ ಅಲೆಗಳು ಸಾಲಾಗಿ ಎದ್ದು ನಿಂತವು, ಎಲ್ಲವೂ ನಡುನೆತ್ತಿಯ ಪಕ್ಕದಲ್ಲೇ. ಡಾಕ್ಟರು ನನ್ನ ಹಿಂದೆ ನಿಂತು ನೋಡಿದರು.

“ಸಿಕ್ತು ನೋಡ್ರಿ. ಎಲ್ಲಾ ಒಂದ ಕಡೆ ಅದಾವ. ನಾಳೆ ಅವರಿಗೆ ಹೇಳೂಣು.”

ಅವರು ಹೋದ ಮೇಲೆ ಇನ್ನೊಮ್ಮೆ ನೋಡಿದೆ. ಎಂಟು ಹತ್ತು ಅಲೆ, ಒಂದು ಬಿಡುವು, ಮತ್ತೆ ಎಂಟು ಹತ್ತು. ರೋಗಕ್ಕೆ ಅಷ್ಟು ಶಿಸ್ತು ಇರುವುದಿಲ್ಲ. ಅದೂ ಅಲ್ಲದೆ ಪ್ರತಿ ಅಲೆಯೂ ಯಂತ್ರದ ಬಡಿತದ ಮೇಲೆಯೇ ಕೂತಿತ್ತು. ಬೆರಳಿನಿಂದ ಮೇಜಿನ ಮೇಲೆ ಅದೇ ಲೆಕ್ಕ ಬಡಿದು ನೋಡಿದೆ. ಆ ಬಿಡುವು, ರೊಟ್ಟಿ ಎತ್ತಿ ಹಂಚಿಗೆ ಹಾಕುವಷ್ಟೇ ಇತ್ತು. ಚಿಕ್ಕವನಿದ್ದಾಗ ದೊಡ್ಡವ್ವನ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ಸಪ್ಪಳದಿಂದ. ಆ ಹೆಣ್ಣುಮಗಳು ಯಂತ್ರದೊಳಗೆ ರೊಟ್ಟಿ ಬಡಿದಂತೆ ಕೈ ಆಡಿಸಿದಾಗಲೆಲ್ಲ ತಲೆಯ ತಂತಿ ಅಲುಗಿರಬೇಕು. ಆಕೆ ಬಿಡುವಿಲ್ಲದೆ ಬಡಿದಿದ್ದರೆ ಸರಾಸರಿಯ ಜೊತೆ ಅದೂ ಕಳೆದುಹೋಗಿ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮರುದಿನ ಅತ್ತೆ ಸೊಸೆ ಇಬ್ಬರೂ ಬಂದು ಕೂತಿದ್ದರು. ಡಾಕ್ಟರು ಬರುವ ಮೊದಲೇ ಕೇಳಿದೆ.

“ಅಕ್ಕಾರ, ಒಳಗ ಮಲಗಿದ್ದಾಗ ಕೈ ಏನರ ಆಡಿಸಿದ್ರೇನ್ರಿ?”

“ಇಲ್ರಿ ಸರ.” ಆಕೆ ತನ್ನ ಬೆರಳು ನೋಡಿಕೊಂಡಳು. “ಆ ಮಿಶನ್ನು ರೊಟ್ಟಿ ಬಡದಂಗ ಸಪ್ಪಳ ಮಾಡತಿತ್ರಿ. ಚಾದರದಾಗ ಕೈ ತಾವ ಹೊಂಟಿದ್ವೋ ಏನೋ.”

“ಎಷ್ಟು ಬಡದಿ?” ಅತ್ತೆ ಕೇಳಿದಳು.

“ಎಣಿಸಿಲ್ರಿ ಅತ್ತಿ.”

“ಮನಿಗೆ ನಾಕು ರೊಟ್ಟಿಯರ ತರಬೇಕಿಲ್ಲ?”

ಡಾಕ್ಟರಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. “ಹಂಗಾರ ಅವು ಮಿದುಳಿನವಲ್ಲ?” ಎಂದರು. “ಅಲ್ರಿ ಸರ, ರೊಟ್ಟಿವು” ಎಂದೆ. ಪರದೆಯ ಮೇಲಿನ ಅಲೆಗಳನ್ನು ತಾವೇ ಎಣಿಸಿ ನೋಡಿ, ಇನ್ನೊಮ್ಮೆ ಮಾಡೋಣ ಎಂದು ಬರೆದರು.

ಎರಡನೆಯ ಸಲ ಕೈಗಳನ್ನು ಪಟ್ಟಿಯಿಂದ ಕಟ್ಟುವ ಮಾತು ಬಂತು. ಅತ್ತೆ ಒಪ್ಪಲಿಲ್ಲ.

“ಕೈ ಕಟ್ಟಿದ್ರ ಬೆರಳು ಕೇಳತಾವೇನ್ರಿ? ಎದಿ ಮ್ಯಾಲ ಕೂಸಿನಂಗ ಏನರ ಇಡ್ರಿ. ಮೂರು ಹಡದಾಕಿ, ಕೂಸು ಮಲಗೇತಿ ಅಂದ್ರ ಅಕಿ ಮಿಸುಕಂಗಿಲ್ಲ.”

ಲೋಹದ ಗುಂಡಿ, ಪಿನ್ನು ಇಲ್ಲವೆಂದು ನೋಡಿ, ಒಂದು ಕಂಬಳಿಯನ್ನು ಸುತ್ತಿ ಕೊಟ್ಟೆವು. ಆಕೆ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು ಒಳಗೆ ಹೋದಳು.

ಈ ಸಲ ಕಳೆಯುವುದನ್ನೆಲ್ಲ ಕಳೆದ ಮೇಲೆ ದಾಖಲೆ ಬಹುತೇಕ ಸಪ್ಪಗಿತ್ತು. ಇಡೀ ಹೊತ್ತಿನಲ್ಲಿ ಮೂರೇ ಮೂರು ಸಣ್ಣ ಅಲೆ, ಎಡಗಿವಿಗಿಂತ ತುಸು ಮೇಲೆ. ಯಂತ್ರದ ಬಡಿತಕ್ಕೂ ಹೊಂದಲಿಲ್ಲ, ನಾಡಿಗೂ ಹೊಂದಲಿಲ್ಲ. ಆ ಮೂರೂ ಗಳಿಗೆಯಲ್ಲಿ ತೆಗೆದ ಚಿತ್ರದಲ್ಲಿ ಅದೇ ಜಾಗಕ್ಕೆ ರಕ್ತ ಹೆಚ್ಚು ಹರಿದಿತ್ತು.

“ಇವು ಖರೇ ಏನ್ರಿ?” ಡಾಕ್ಟರು ಕೇಳಿದರು.

“ಕೈ ಎರಡೂ ಕಂಬಳಿ ಮ್ಯಾಲ ಇದ್ದವ್ರಿ. ನಾ ಕಿಟಕಿಯಿಂದ ನೋಡಾಕತ್ತಿದ್ದೆ.”

ಅವರು ಇಬ್ಬರನ್ನೂ ಕರೆದು ಹೇಳಿದರು: ಜಾಗ ಒಂದೇ ಎಂದು ಕಾಣುತ್ತದೆ, ಇನ್ನೆರಡು ಪರೀಕ್ಷೆಯಾದ ಮೇಲೆ ಆಪರೇಶನ್. ಮೂರ್ಛೆ ನಿಂತದ್ದು ಗೊತ್ತಾಗುವವರೆಗೆ ಬೆಂಕಿಯ ಹತ್ತಿರ ಬೇಡ.

“ಬಡಿಯಾಕರ ಬರತೈತೇನ್ರಿ?” ಆಕೆ ಕೇಳಿದಳು.

“ಬಡಿಯಾಕ ಯಾರು ಬ್ಯಾಡ ಅಂದಾರ್ರಿ? ನಾ ಅಂದಿದ್ದು ಬೆಂಕಿ.”

ಅತ್ತೆ ಸೆರಗು ಸರಿಪಡಿಸಿಕೊಂಡಳು. “ಹಿಟ್ಟು ಒಲಿ ಬಾಜೂಕನ ಇರತೈತಲ್ರಿ ಸಾಹೇಬ್ರ. ಅದಕ್ಕ ಎರಡೂ ಬಿಡಿಸಿದ್ವಿ.”

ಮುಂದಿನ ಪರೀಕ್ಷೆಗೆ ಬಂದಾಗ ಅತ್ತೆ ನನ್ನನ್ನು ಹೊರಗೇ ಹಿಡಿದಳು. “ರೊಟ್ಟಿ ಬಡಿಯೂ ಹಲಗಿ ಒಲಿಯಿಂದ ದೂರ ಬಾಗಲದಾಗ ಹಾಕೇವಿ ತಮ್ಮಾ. ಬಡಿಯೂದು ಅಕಿ, ಬೇಯಿಸೂದು ನಾ. ನಾ ಒಂದು ತಿರುವೂದ್ರಾಗ ಎರಡು ಬಡದು ನನ್ನ ಮಾರಿ ನೋಡಕೋತ ಕುಂದರತಾಳ. ಲಗೂ ಆಪರೇಶನ್ ಮಾಡ್ರಿ ಅಂತ ನಿಮ್ಮ ಡಾಕ್ಟರಿಗೆ ಹೇಳು. ಅಕಿ ಸರಿಸಮ ನನ್ನ ಕೈ ಓಡವಲ್ಲದು.”